ಬುಡಕ್ಕೆ ನೀರು, ಮೈಗೆ ಬಿಸಿಲು

ಶಿವರಾತ್ರಿ ಕಳೆದ ಮೇಲೆ ಮೈಸೂರಿನ ಯಾವ ಬಡಾವಣೆಯಲ್ಲಿ ಸಂಜೆ ಐದೂವರೆಗೆ ನಡೆದು ಹೋದರೂ ಕಾಣುವ ನೋಟ ಒಂದೇ. ಕಾಂಪೌಂಡಿನೊಳಗೆ ಯಾರೋ ಒಬ್ಬರು ಪೈಪು ಹಿಡಿದು ನಿಂತಿರುತ್ತಾರೆ. ಮಾವಿನ ಬುಡಕ್ಕೆ ಎರಡು ನಿಮಿಷ, ನಿಂಬೆಗೆ ಒಂದು ನಿಮಿಷ, ಸೀಬೆಯ ಮೇಲೆ ಪೈಪು ಹಾಗೇ ಆಡಿಸಿದಷ್ಟು. ಮಣ್ಣು ಕಪ್ಪಗಾಗಿ ಘಮ್ಮೆನ್ನುತ್ತದೆ, ನಲ್ಲಿ ನಿಲ್ಲುತ್ತದೆ. ಮಾರನೆಯ ದಿನ ಹನ್ನೊಂದು ಗಂಟೆಗೆ ನೋಡಿದರೆ ಅದೇ ಬುಡ ಮತ್ತೆ ಬೆಳ್ಳಗೆ ಬಿಳಚಿಕೊಂಡಿರುತ್ತದೆ. ಸಂಜೆ ಮತ್ತೆ ಪೈಪು. ಹೀಗೆ ಎರಡು-ಎರಡೂವರೆ ತಿಂಗಳು ಒಂದು ದಿನವೂ ತಪ್ಪಿಸದೆ ನೀರು ಹಾಕಿದವರ ಮನೆಯಲ್ಲೇ ಏಪ್ರಿಲ್ ಕೊನೆಯ ಭರಣಿ ಮಳೆ ಬರುವ ಹೊತ್ತಿಗೆ ಎಳೆ ಗಿಡ ಒಣಗಿ ಕಡ್ಡಿಯಾಗಿರುತ್ತದೆ, ದೊಡ್ಡ ಗಿಡದ ಹೀಚು ಉದುರಿರುತ್ತದೆ, ಕಾಂಡದ ಒಂದು ಮಗ್ಗುಲು ಸೀಳಿರುತ್ತದೆ.

"ದಿನಾ ಹಾಕ್ತಾನೇ ಇದ್ದೀವಿ ಕಣ್ರೀ, ಆದ್ರೂ ಎಲೆ ಸುಡ್ತಾ ಇದೆ" ಎಂಬುದು ಕುವೆಂಪುನಗರದ ಮಾತಾದರೆ, ಮಂಡ್ಯದ ಹಳ್ಳಿಗಳಲ್ಲಿ ಅದೇ ಸಂಕಟ "ನೀರ್ಗೇನೂ ಕಮ್ಮಿ ಮಾಡಿಲ್ಲ ಕಣಣ್ಣ, ಆದ್ರೂ ಒಣಿಕೋತಾ ಅದೆ" ಎಂದು ಕೇಳಿಸುತ್ತದೆ. ಎರಡೂ ಕಡೆ ಅಕ್ಕರೆಯಲ್ಲಿ ಕೊರತೆಯಿಲ್ಲ. ನೀರಿನಲ್ಲೂ ಎಷ್ಟೋ ಸಲ ಕೊರತೆಯಿಲ್ಲ. ಇಡೀ ಬೇಸಿಗೆಯ ಆರೈಕೆಯೆಲ್ಲ ಕಾಂಡದ ಬುಡದ ಒಂದು ಗೇಣು ಜಾಗಕ್ಕೆ ಸೀಮಿತವಾಗುತ್ತದೆ ಎಂಬುದೇ ತೊಂದರೆ. ನೀರು ಹೀರುವ ಬೇರು ಅಲ್ಲಿಲ್ಲ. ಬಿಸಿಲು ಹೊಡೆಯುವ ಜಾಗವೂ ಅದಲ್ಲ.

ಮೈಸೂರಿನ ವಿಜಯನಗರದ ಮೂವತ್ತು-ನಲವತ್ತರ ಸೈಟಿನಲ್ಲಿ, ಮನೆಯ ಪಶ್ಚಿಮಕ್ಕೆ ಬಿಟ್ಟಿದ್ದ ಐದಡಿ ಓಣಿಯಲ್ಲಿ ಒಂದು ಮಲ್ಲಿಕಾ ಮಾವಿನ ಗಿಡವಿತ್ತು. ಕಸಿ ಗಿಡ ನೆಟ್ಟು ಮೂರು ವರ್ಷ. ಏಪ್ರಿಲ್ ಮಧ್ಯದಲ್ಲಿ ಅದರ ಬುಡದಿಂದ ಎರಡಡಿ ದೂರದಲ್ಲಿ ಗುದ್ದಲಿ ಹಾಕಿದಾಗ ಕಂಡದ್ದು ಮರೆಯುವಂಥದ್ದಲ್ಲ. ಮೇಲಿನ ಎರಡು ಅಂಗುಲ ಹಸಿ, ಅದರ ಕೆಳಗೆ ಹಿಟ್ಟಿನಂತೆ ಉದುರುವ ಒಣ ಕೆಮ್ಮಣ್ಣು, ನಡುನಡುವೆ ಮನೆ ಕಟ್ಟಿದಾಗ ತುಂಬಿದ್ದ ಜಲ್ಲಿ ಮತ್ತು ಗಾರೆ ಚೂರು. ಬೇರುಗಳು ಆ ಎರಡು ಅಂಗುಲದ ಹಸಿಯನ್ನು ಹುಡುಕಿಕೊಂಡು ಮೇಲೆ ಬಂದು ಬಲೆಯಂತೆ ಹೆಣೆದುಕೊಂಡಿದ್ದವು. ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಕಾದು ಹುರಿಯುವುದು ಆ ಎರಡು ಅಂಗುಲವೇ. ಕಾಂಡದ ಪಶ್ಚಿಮದ ಮಗ್ಗುಲಿನ ತೊಗಟೆ ಕಂದುಗೆಂಪಾಗಿ, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ಪಕ್ಕದ ಮನೆಗೋಡೆ ಸಂಜೆ ಏಳಕ್ಕೂ ಬಿಸಿಯಾಗಿತ್ತು. ಅಂದರೆ ಒಂದೇ ಗಿಡಕ್ಕೆ ಬೇರೆ ಬೇರೆ ಎರಡು ಕಾಯಿಲೆ: ಕೆಳಗೆ ಬಾಯಾರಿಕೆ, ಮೇಲೆ ಸುಟ್ಟ ಗಾಯ. ಎರಡಕ್ಕೂ ಒಂದೇ ಮದ್ದೆಂದು ಪೈಪು ಹಿಡಿಯುವುದು.

ವಾರದ ಲೆಕ್ಕ

ಮೊದಲು ಬಾಯಾರಿಕೆ. ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು ಹರಡಿದರೆ ಅದು ಒಂದು ಮಿಲಿಮೀಟರ್ ಮಳೆಗೆ ಸಮ. ನಮ್ಮ ಮರಳು ಬೆರೆತ ಕೆಂಪು ಮಣ್ಣು ಒಣಗಿದ್ದಾಗ ಒಂದು ಅಂಗುಲ, ಅಂದರೆ 25 ಮಿಲಿಮೀಟರ್ ನೀರು ಇಳಿಯುವುದು ಹೆಚ್ಚೆಂದರೆ ಒಂದು ಗೇಣು. ಹಣ್ಣಿನ ಮರಗಳ ನೀರು ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಇರುವುದು ಮೇಲಿನ ಒಂದರಿಂದ ಎರಡು ಅಡಿಯಲ್ಲಿ, ಅದೂ ಕೊಂಬೆಗಳ ನೆರಳು ಬೀಳುವ ವೃತ್ತದ ಹೊರಭಾಗದಲ್ಲಿ. ಕಾಂಡಕ್ಕೆ ಅಂಟಿಕೊಂಡಂತೆ ಇರುವುದು ಮರವನ್ನು ನಿಲ್ಲಿಸುವ ದಪ್ಪ ಬೇರು, ಅದು ನೀರು ಕುಡಿಯುವುದು ಕಡಿಮೆ.

ನೆರಳಿನ ವೃತ್ತ ಹತ್ತಡಿ ಅಗಲವಿರುವ ಮರವನ್ನು ತೆಗೆದುಕೊಳ್ಳೋಣ. ಅದರ ಕೆಳಗಿನ ನೆಲ ಸುಮಾರು 7 ಚದರ ಮೀಟರ್. ಕೆಂಪು ಮಣ್ಣಿನ ಮೇಲಿನ ಒಂದೂವರೆ ಅಡಿ, ಮರಕ್ಕೆ ದಕ್ಕುವಂಥ ನೀರನ್ನು ಹಿಡಿದಿಡುವುದು ಹೆಚ್ಚುಕಡಿಮೆ 50 ಮಿಲಿಮೀಟರ್. ಅದರಲ್ಲಿ ಅರ್ಧ ಖಾಲಿಯಾದಾಗ ತುಂಬಿಸಬೇಕು. 25 ಮಿಲಿಮೀಟರನ್ನು 7 ಚದರ ಮೀಟರಿಗೆ ಹಾಕಿದರೆ 175 ಲೀಟರ್, ಹದಿನೈದು ಲೀಟರಿನ ಬಿಂದಿಗೆಯಲ್ಲಿ ಹನ್ನೆರಡು ಬಿಂದಿಗೆ. ಮಾರ್ಚ್-ಏಪ್ರಿಲ್‌ನಲ್ಲಿ ಇಂಥ ಮರ ದಿನಕ್ಕೆ ಸುಮಾರು 25 ಲೀಟರ್ ಖರ್ಚು ಮಾಡುತ್ತದೆ ಎಂದುಕೊಂಡರೆ ಈ ಹನ್ನೆರಡು ಬಿಂದಿಗೆ ಒಂದು ವಾರಕ್ಕೆ ಬಂತು. ದಿನಾ 25 ಲೀಟರ್ ಹಾಕುವವರೂ ವಾರಕ್ಕೆ ಹಾಕುವುದು ಅದೇ 175 ಲೀಟರ್. ಆದರೆ 25 ಲೀಟರನ್ನು ಇಡೀ ಪಾತಿಗೆ ಹರಡಿದರೆ ಒಂದೂವರೆ ಅಂಗುಲ ನೆನೆಯುವುದೂ ಕಷ್ಟ, ಮಾರನೆಯ ಮಧ್ಯಾಹ್ನಕ್ಕೆ ಅದರಲ್ಲಿ ಬಹುಪಾಲು ಆವಿ. ಅಷ್ಟೇ ನೀರನ್ನು ವಾರಕ್ಕೊಮ್ಮೆ ಒಟ್ಟಿಗೆ ಕೊಟ್ಟರೆ ಬಿಸಿಲು ಮುಟ್ಟದ ಆಳಕ್ಕೆ ಇಳಿಯುತ್ತದೆ, ಬೇರೂ ಅದರ ಹಿಂದೆ ಇಳಿಯುತ್ತದೆ. ಹದಿನೈದಡಿ ಅಗಲದ ಮರವಾದರೆ ನೆಲ ಎರಡು ಪಾಲಿಗಿಂತ ಹೆಚ್ಚಾಗುತ್ತದೆ, ನೀರು ಸುಮಾರು 400 ಲೀಟರ್. ಎರೆ ಮಣ್ಣು ಇರುವ ಕಡೆ ಹತ್ತು-ಹನ್ನೆರಡು ದಿನಕ್ಕೊಮ್ಮೆ ಸಾಕು, ಆದರೆ ಅಲ್ಲಿ ನೆಲ ಬಿರುಕು ಬಿಡುವ ಮೊದಲೇ ಕೊಡಬೇಕು. ಬಿರುಕು ಬಿಟ್ಟ ಮೇಲೆ ನೀರು ಬಿರುಕಿನಲ್ಲೇ ಇಳಿದುಹೋಗುತ್ತದೆ, ಸಣ್ಣ ಬೇರುಗಳೂ ಅಷ್ಟರಲ್ಲಿ ಹರಿದಿರುತ್ತವೆ.

ಪಾತಿ ಬಳೆಯ ಆಕಾರದಲ್ಲಿರಬೇಕು. ಕಾಂಡದಿಂದ ಒಂದೂವರೆ ಅಡಿ ಬಿಟ್ಟು ಶುರುಮಾಡಿ ಕೊಂಬೆಯ ತುದಿಯ ನೆರಳಿನವರೆಗೆ, ಹೊರಗೆ ನಾಲ್ಕು ಅಂಗುಲದ ಬದು, ಒಳಗೆ ಕಾಂಡದ ಸುತ್ತ ಮಣ್ಣು ಸ್ವಲ್ಪ ಏರಿಸಿದ ದಿಬ್ಬ. ನೀರು ಕಾಂಡಕ್ಕೆ ತಾಗದಿರಲಿ ಎಂದೇ ಆ ದಿಬ್ಬ. ನಿಂಬೆ, ಹೆರಳೆ, ಮೋಸಂಬಿಯ ಬುಡದಲ್ಲಿ ನೀರು ನಿಂತರೆ ತೊಗಟೆ ಕೊಳೆತು ಅಂಟು ಸೋರುತ್ತದೆ. ಪರಂಗಿಯ ಬುಡ ಕೊಳೆತು ಗಿಡವೇ ಮಲಗುತ್ತದೆ. ಬದು ಕಟ್ಟಲು ಮಣ್ಣು ಬೇಕೆಂದು ಪಾತಿಯೊಳಗೇ ಅಗೆಯುವುದು ತುಂಬ ಕಡೆ ಕಾಣುವ ತಪ್ಪು. ಗುದ್ದಲಿ ಎರಡು ಅಂಗುಲಕ್ಕಿಂತ ಆಳಕ್ಕೆ ಹೋದರೆ ಬೇಸಿಗೆಯಲ್ಲಿ ಮರಕ್ಕೆ ಬೇಕಾದ ಬೇರನ್ನೇ ಕಡಿದಂತೆ. ಮಣ್ಣು ಹೊರಗಿನಿಂದ ತನ್ನಿ. ಕೆರೆ ಗೋಡು, ಅಂದರೆ ಕೆರೆಯ ಹೂಳು ಮಣ್ಣು ಸಿಕ್ಕರೆ ಒಳ್ಳೆಯದು, ಮಂಡ್ಯದ ಕಡೆ ಈಗಲೂ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೊಡೆಸುತ್ತಾರೆ. ಮರಕ್ಕೆ ಮೂರ್ನಾಲ್ಕು ಬಾಂಡ್ಲಿ, ಪಾತಿಗೆ ತೆಳುವಾಗಿ ಹರಡಿದರೆ ಸಾಕು.

ತೀರ ಒಣಗಿದ ಮಣ್ಣು ಮೊದಲ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲೆ ಗುಳ್ಳೆ ಎದ್ದು ಹರಿದುಹೋಗುತ್ತದೆ. ಮೂರರಲ್ಲಿ ಒಂದು ಪಾಲು ನೀರು ಬಿಟ್ಟು ಅರ್ಧ ಗಂಟೆ ಸುಮ್ಮನಿರಿ, ಆಮೇಲೆ ಉಳಿದದ್ದು ಬಿಡಿ. ಪೈಪಿನಲ್ಲಿ ಎಷ್ಟು ಬರುತ್ತದೆ ಎಂಬುದನ್ನು ಅಂದಾಜು ಮಾಡಬಾರದು. ಇಪ್ಪತ್ತು ಲೀಟರ್ ಕ್ಯಾನು ತುಂಬಲು ಎಷ್ಟು ನಿಮಿಷ ಎಂದು ಒಮ್ಮೆ ಗಡಿಯಾರ ನೋಡಿ ಗೋಡೆಯ ಮೇಲೆ ಬರೆದಿಡಿ. ಎರಡು ನಿಮಿಷಕ್ಕೆ ತುಂಬಿದರೆ 175 ಲೀಟರಿಗೆ ಹದಿನೇಳೂವರೆ ನಿಮಿಷ ಬೇಕು, ಎರಡು ನಿಮಿಷದ ಪೈಪಿಗೂ ಇದಕ್ಕೂ ಇರುವ ದೂರ ಆಗ ಗೊತ್ತಾಗುತ್ತದೆ. ನೀರು ಕೊಟ್ಟ ಮಾರನೆಯ ಬೆಳಿಗ್ಗೆ ಬೆರಳಿನ ದಪ್ಪದ ಕಬ್ಬಿಣದ ಸರಳನ್ನು ಪಾತಿಯಲ್ಲಿ ಕೈಯಿಂದ ಒತ್ತಿ ನೋಡಬೇಕು. ಹಸಿ ಇರುವಷ್ಟು ಆಳ ಸಲೀಸಾಗಿ ಇಳಿದು ಒಣಮಣ್ಣು ಬಂದ ಕೂಡಲೇ ನಿಲ್ಲುತ್ತದೆ. ಒಂದು ಮೊಳ ಇಳಿಯಿತೆಂದರೆ ನೀರು ಮುಟ್ಟಿದೆ. ಒಂದು ಗೇಣಿಗೇ ನಿಂತರೆ ಇನ್ನೊಂದು ಸರದಿ ಬೇಕು.

ಮಧ್ಯಾಹ್ನ ಎಲೆ ಜೋತುಬಿದ್ದದ್ದನ್ನು ನೋಡಿ ಗಾಬರಿಯಾಗಿ ನೀರು ಹಾಕಬೇಕಾಗಿಲ್ಲ. ಎರಡು ಗಂಟೆಯ ಬಿಸಿಲಿನಲ್ಲಿ ಬೇರು ಪೂರೈಸುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಹೋಗುತ್ತದೆ, ಸಂಜೆಗೆ ಎಲೆ ತಾನೇ ಎದ್ದು ನಿಲ್ಲುತ್ತದೆ. ನೋಡಬೇಕಾದದ್ದು ಬೆಳಿಗ್ಗೆ ಆರೂವರೆಗೆ. ಆಗಲೂ ಎಲೆ ಬಾಡಿದ್ದರೆ ಮಣ್ಣಿನಲ್ಲಿ ನೀರಿಲ್ಲವೆಂದು ಅರ್ಥ. ಇಲ್ಲವೇ, ಮಣ್ಣು ಹಸಿಯಾಗಿದ್ದೂ ಬಾಡಿದ್ದರೆ ಬೇರು ಕೊಳೆತಿದೆ. ಈ ಎರಡನೆಯದು ಬೆಣ್ಣೆಹಣ್ಣಿನ ಗಿಡದಲ್ಲಿ ಹೆಚ್ಚು. ಇತ್ತೀಚೆಗೆ ಮೈಸೂರಿನ ಹಿತ್ತಿಲುಗಳಲ್ಲಿ ಎಲ್ಲರಿಗೂ ಅದು ಬೇಕು. ಅದರ ಬೇರು ಮೇಲಿನ ಒಂದಡಿಯಲ್ಲೇ ಹರಡುತ್ತದೆ, ಒಣಗಿದರೂ ತಾಳದು, ನೀರು ನಿಂತರೂ ತಾಳದು. ಅದೊಂದಕ್ಕೆ ಮಾತ್ರ ವಾರಕ್ಕೆ ಎರಡು ಸಲ, ಅರ್ಧರ್ಧ ಪಾಲು ಕೊಡುವುದು ಸರಿ.

ಮಾವಿನದು ಇದಕ್ಕೆ ತದ್ವಿರುದ್ಧ. ಹಣ್ಣು ಬಿಡುವ ವಯಸ್ಸಿನ ಮಾವಿಗೆ ಹೂ ಬರುವ ಮೊದಲು, ಅಂದರೆ ನವೆಂಬರ್ ಮೊದಲಲ್ಲಿ ಸ್ವಾತಿ ಮಳೆ ಮುಗಿದ ಮೇಲಿನ ಒಂದೂವರೆ-ಎರಡು ತಿಂಗಳು, ಒಣ ಬೇಕು. ಆಗ ನೀರು ಕೊಟ್ಟರೆ ಹೂವಿನ ಬದಲು ಚಿಗುರು ಬರುತ್ತದೆ. ಹೀಚು ಬಟಾಣಿ ಗಾತ್ರಕ್ಕೆ ಬಂದ ಮೇಲೆ ಶುರುಮಾಡಿ, ಒಮ್ಮೆ ಶುರುಮಾಡಿದರೆ ನಡುವೆ ಬಿಡಬಾರದು. ನಿಂಬೆ ಮತ್ತು ದಾಳಿಂಬೆಗೆ ಈ ಏರುಪೇರು ಇನ್ನೂ ಕೆಟ್ಟದ್ದು. ಮೂರು ವಾರ ಒಣಗಿಸಿ ಒಮ್ಮೆಲೇ ಹೊಯ್ದರೆ ಸಿಪ್ಪೆ ಹಿಗ್ಗಲಾರದೆ ಕಾಯಿ ಬಿರಿಯುತ್ತದೆ. ಸಪೋಟ, ನೇರಳೆ, ಹುಣಸೆ ದೊಡ್ಡವಾಗಿದ್ದರೆ ಹೇಗೋ ತಾಳಿಕೊಳ್ಳುತ್ತವೆ.

ಹೊದಿಕೆ ಹಾಕುವುದು ದೀಪಾವಳಿಗೆ

ಮಲ್ಚಿಂಗ್ ಮಾಡಿ, ಅಂದರೆ ಪಾತಿಯ ಮಣ್ಣಿಗೆ ಹೊದಿಕೆ ಹಾಕಿ ಎಂದು ಈಗ ಎಲ್ಲರೂ ಹೇಳುತ್ತಾರೆ, ಯಾವಾಗ ಎಂದು ಹೇಳುವವರು ಕಡಿಮೆ. ಏಪ್ರಿಲ್‌ನಲ್ಲಿ ಒಣಗಿ ಕಾದ ಮಣ್ಣಿನ ಮೇಲೆ ತರಗೆಲೆ ಹೊದಿಸಿದರೆ ಅದು ಕಾಪಾಡುವುದು ಒಣ ಮಣ್ಣನ್ನೇ. ಮೇಲೆ ಹಾಕಿದ ನೀರನ್ನೂ ಮೊದಲು ಆ ತರಗೇ ಕುಡಿಯುತ್ತದೆ. ನಮ್ಮ ಮೈಸೂರು-ಮಂಡ್ಯಕ್ಕೆ ವರ್ಷಕ್ಕೆ ಬೀಳುವುದು 700ರಿಂದ 800 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಬರುವುದು ಸೆಪ್ಟೆಂಬರ್-ಅಕ್ಟೋಬರಿನ ಉತ್ತರೆ, ಹಸ್ತ, ಚಿತ್ತಾ ಮಳೆಗಳಲ್ಲಿ. ಆ ನೀರು ಮಣ್ಣಿನಲ್ಲಿ ಇರುವಾಗಲೇ ಮುಚ್ಚಬೇಕು. ದಸರಾ ಕಳೆದು ದೀಪಾವಳಿಯೊಳಗೆ ಹೊದಿಸಿದ ಪಾತಿಗೂ ಯುಗಾದಿಗೆ ಹೊದಿಸಿದ ಪಾತಿಗೂ ಮಾರ್ಚ್‌ನಲ್ಲಿ ಸರಳು ಇಳಿಸಿ ನೋಡಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ತಡವಾಗಿ ಹಾಕುವವರು ಮೊದಲು ಮೇಲೆ ಹೇಳಿದಂತೆ ಪೂರ್ತಿ ನೀರು ಕೊಟ್ಟು, ಮಾರನೆಯ ದಿನ ಹೊದಿಸಬೇಕು.

ಏನು ಹೊದಿಸುವುದು ಎಂಬುದಕ್ಕೆ ಹುಡುಕಾಟವೇ ಬೇಡ. ಹಿತ್ತಿಲಿನ ತರಗೆಲೆ, ಭತ್ತದ ಹುಲ್ಲು, ತೆಂಗಿನ ಸಿಪ್ಪೆ, ಮಂಡ್ಯದವರಿಗಂತೂ ಕಬ್ಬಿನ ತರಗು. ಕಬ್ಬು ಕಡಿದ ಮೇಲೆ ಗದ್ದೆಯಲ್ಲೇ ಬೆಂಕಿ ಹಾಕುವ ಆ ತರಗಿನಲ್ಲಿ ಊರಿನ ಹಿತ್ತಿಲುಗಳ ಮರಕ್ಕೆಲ್ಲ ಆಗಿ ಮಿಗುತ್ತದೆ. ಹೊಗೆಯಾಗಿ ಹೋಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ದಪ್ಪ ನಾಲ್ಕರಿಂದ ಆರು ಅಂಗುಲ ಇರಲಿ, ಎರಡು ತಿಂಗಳಲ್ಲಿ ಕುಸಿದು ಅರ್ಧವಾಗುತ್ತದೆ, ಆಗ ಇನ್ನೊಂದು ಸುತ್ತು. ಕಾಂಡದ ಸುತ್ತ ಒಂದು ಗೇಣು ಬರಿ ಬಿಡಬೇಕು. ಗೆದ್ದಲು ಬರುತ್ತದೆ ಎಂಬ ಭಯಕ್ಕೆ ಎಷ್ಟೋ ಜನ ಹೊದಿಕೆಯನ್ನೇ ಬಿಡುತ್ತಾರೆ. ಗೆದ್ದಲು ಬರುವುದು ನಿಜ, ಆದರೆ ಅದು ತಿನ್ನಲು ಬರುವುದು ಒಣ ತರಗನ್ನು. ತರಗು ತೊಗಟೆಗೆ ತಾಗಿಕೊಂಡಿದ್ದರೆ ಮಾತ್ರ ಮಣ್ಣಿನ ಹೊರಪದರ ಕಟ್ಟಿಕೊಂಡು ಕಾಂಡ ಹತ್ತುತ್ತದೆ. ವಾರಕ್ಕೊಮ್ಮೆ ಬುಡ ನೋಡಿ, ಹತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆದು ಉದುರಿಸಿದರೆ ಸಾಕು.

ತೆಂಗಿನ ಸಿಪ್ಪೆಯನ್ನು ನೆಲದ ಮೇಲೆ ಹರಡುವಾಗ ಹೊಟ್ಟೆ ಕೆಳಗೆ, ಬೆನ್ನು ಮೇಲೆ. ಅಂಗಾತ ಇಟ್ಟರೆ ನೀರು ನಿಂತು ಸೊಳ್ಳೆ ಆಗುತ್ತದೆ, ಡೆಂಗ್ಯೂ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹಸಿ ಮರದ ಪುಡಿ ಬೇಡ, ಅದು ಕೊಳೆಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಕಪ್ಪು ಪ್ಲಾಸ್ಟಿಕ್ ಹಾಳೆ ತರಕಾರಿ ಸಾಲಿಗೆ ಸರಿ ಇರಬಹುದು, ಹಿತ್ತಿಲ ಮರಕ್ಕೆ ಅದು ಮಣ್ಣನ್ನು ಇನ್ನಷ್ಟು ಕಾಯಿಸುತ್ತದೆ. ಮರದ ಬುಡದವರೆಗೂ ಟೈಲ್ಸ್ ಹಾಕಿಸಿ ಒಂದು ತೂತು ಬಿಟ್ಟಿರುವ ಮನೆಗಳಲ್ಲಿ ಮಾತ್ರ ಯಾವ ಹೊದಿಕೆಯೂ ನಡೆಯುವುದಿಲ್ಲ. ನೆರಳಿನ ವೃತ್ತದ ಅರ್ಧದಷ್ಟಾದರೂ ಟೈಲ್ಸ್ ಕೀಳಿಸುವುದು ಅಲ್ಲಿಯ ಮೊದಲ ಕೆಲಸ.

ಬಿಸಿಲು ಯಾವ ಮಗ್ಗುಲಿಗೆ

ಇನ್ನು ಮೇಲಿನ ಕಾಯಿಲೆ. ಕಾಂಡದ ದಕ್ಷಿಣಕ್ಕೆ ಸುಣ್ಣ ಹಚ್ಚಿ ಎಂಬ ಸಲಹೆ ಉತ್ತರದ ತಂಪು ದೇಶಗಳಿಂದ ಬಂದದ್ದು, ಅಲ್ಲಿ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಮೈಸೂರಿನಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಮಧ್ಯಾಹ್ನದ ಬಿಸಿಲು ದಕ್ಷಿಣಕ್ಕೆ ವಾಲಿರುವುದು ಹೌದು. ಆದರೆ ಏಪ್ರಿಲ್ 22-23ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಮುದುಡುತ್ತದೆ. ಸುಡುವ ಕಾಲದಲ್ಲಿ ನಮ್ಮಲ್ಲಿ ಪೆಟ್ಟು ಬೀಳುವುದು ಎರಡು ಕಡೆ: ಮಧ್ಯಾಹ್ನ ಅಡ್ಡ ಕೊಂಬೆಗಳ ಬೆನ್ನಿಗೆ, ಎರಡರಿಂದ ಐದರವರೆಗೆ ಕಾಂಡದ ನೇರ ಪಶ್ಚಿಮಕ್ಕೆ. ತೊಗಟೆಯ ಕೆಳಗಿನ ಹಸಿರು ಪದರ ಕಾದು ಸತ್ತರೆ ಆ ಜಾಗ ಮತ್ತೆ ಬೆಳೆಯುವುದಿಲ್ಲ. ಕೆಲವು ವಾರ ಏನೂ ಕಾಣಿಸದು, ಆಮೇಲೆ ತೊಗಟೆ ಒಣಗಿ ಸೀಳುತ್ತದೆ, ಸೀಳಿನಲ್ಲಿ ಕಾಂಡ ಕೊರೆಯುವ ಹುಳು ಇಳಿಯುತ್ತದೆ. ಬುಡದಲ್ಲಿ ಮರದ ಪುಡಿ ಉದುರಿದ್ದು ಕಂಡಾಗ ಜನ ಹುಳುವನ್ನು ಬೈಯುತ್ತಾರೆ, ಅದಕ್ಕೆ ಬಾಗಿಲು ತೆಗೆದದ್ದು ಬಿಸಿಲು.

ಪಾಂಡವಪುರದ ಕಡೆಯ ಒಂದು ಹಿತ್ತಿಲಿನಲ್ಲಿ ಇಪ್ಪತ್ತು ವರ್ಷದ ರಸಪುರಿ ಮಾವಿನ ಮರವನ್ನು ಹೀಗೇ ನೋಡಿದ್ದು. ಫೆಬ್ರವರಿ ಕೊನೆಯಲ್ಲಿ ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸುವುದಕ್ಕೆಂದು ನಡುವಿನ ಕೊಂಬೆಗಳನ್ನು ತೆಗೆಸಿದ್ದರು. ಅಷ್ಟು ವರ್ಷ ಎಲೆಯ ಮರೆಯಲ್ಲಿದ್ದ ತೊಗಟೆ ಒಂದೇ ದಿನದಲ್ಲಿ ಬಯಲಿಗೆ ಬಿತ್ತು. ಮೇ ಹೊತ್ತಿಗೆ ಉಳಿದ ಎರಡು ಹೆಗ್ಗೊಂಬೆಗಳ ಬೆನ್ನಿನ ಮೇಲೆ, ಯಾರೋ ಕಾದ ಕಬ್ಬಿಣ ಎಳೆದಂತೆ ಉದ್ದಕ್ಕೆ ಒಂದು ಅಂಗೈ ಅಗಲದ ಸುಟ್ಟ ಪಟ್ಟಿ. ಕೆಳಮಗ್ಗುಲು ಹಸಿರಾಗೇ ಇತ್ತು. ಮನೆಯ ಹಿರಿಯರು ಏಣಿ ಹತ್ತಿ ಆ ಪಟ್ಟಿಯನ್ನು ಕೈಯಿಂದ ಸವರುತ್ತ ಕೇಳಿದ ಮಾತು "ನೀರು ಬುಟ್ಟಿದ್ವಲ್ಲಪ್ಪ" ಎಂಬುದು. ನೀರು ಬಿಟ್ಟಿದ್ದರು, ನಿಜ. ಸುಟ್ಟ ಪಟ್ಟಿಗೆ ನೀರು ಉತ್ತರವಾಗಿರಲಿಲ್ಲ. ಪಕ್ಕದ ಮನೆಯವರು ತಮ್ಮ ಮರ ತೆಗೆಸಿದಾಗ, ವಿದ್ಯುತ್ ತಂತಿಗೆಂದು ಕೊಂಬೆ ಸವರಿದಾಗ ಆಗುವುದೂ ಇದೇ. ಸಂಕ್ರಾಂತಿಯಿಂದ ಮುಂಗಾರು ಬರುವವರೆಗೆ ಹಣ್ಣಿನ ಮರಕ್ಕೆ ಮಚ್ಚು ಮುಟ್ಟಿಸಬಾರದು. ಅನಿವಾರ್ಯವಾಗಿ ಕಡಿಯಬೇಕಾದರೆ ಅದೇ ದಿನ ಸಂಜೆಯೊಳಗೆ ಬಯಲಾದ ತೊಗಟೆಗೆಲ್ಲ ಸುಣ್ಣ ಬೀಳಬೇಕು.

ಸುಣ್ಣದ ಹದ ಹೀಗೆ. ಒಂದು ಕಿಲೋ ಸುಟ್ಟ ಸುಣ್ಣದ ಕಲ್ಲನ್ನು ಹಿಂದಿನ ರಾತ್ರಿ ಪ್ಲಾಸ್ಟಿಕ್ ಅಲ್ಲದ, ಹಳೆಯ ತಗಡಿನ ಪಾತ್ರೆಯಲ್ಲಿ ನೀರು ಹಾಕಿ ಅರಳಿಸಬೇಕು. ಕೊತಕೊತ ಕುದಿದು ಹಾರುತ್ತದೆ, ಮಕ್ಕಳು ಹತ್ತಿರ ಬರಬಾರದು, ಕಣ್ಣಿಗೆ ಕನ್ನಡಕ ಇರಲಿ. ಬೆಳಿಗ್ಗೆ ನಾಲ್ಕು ಲೀಟರ್ ನೀರಿಗೆ ಕದಡಿ, ಹಳೆ ಬಟ್ಟೆಯಲ್ಲಿ ಸೋಸಿ, ಹಿಡಿದುಕೊಳ್ಳಲೆಂದು ಒಂದು ಸಣ್ಣ ಬಟ್ಟಲು ಫೆವಿಕಾಲ್ ಸೇರಿಸಬೇಕು. ಗೋಡೆ ಸುಣ್ಣಕ್ಕೆ ಹಾಕುವಂತೆ ಉಪ್ಪು ಹಾಕಬೇಡಿ, ಮಳೆಗೆ ತೊಳೆದು ಬುಡಕ್ಕೇ ಇಳಿಯುತ್ತದೆ. ಇಷ್ಟು ಕೆಲಸ ಬೇಡವೆಂದರೆ ಮನೆಯ ಒಳಗೋಡೆಗೆ ಬಳಿಯುವ, ನೀರಿನಲ್ಲಿ ಕರಗುವ ಬಿಳಿ ಬಣ್ಣವನ್ನು ಅಷ್ಟೇ ನೀರು ಬೆರೆಸಿ ಹಚ್ಚಬಹುದು. ಎಣ್ಣೆ ಬಣ್ಣ, ಎನಾಮೆಲ್ ಸುತರಾಂ ಕೂಡದು. ನೆಲದಿಂದ ಮೊದಲ ಕವಲಿನವರೆಗೆ ಸುತ್ತಲೂ, ಅಲ್ಲಿಂದ ಮೇಲೆ ಎಲೆಯ ಮರೆ ಇಲ್ಲದ ಅಡ್ಡ ಕೊಂಬೆಗಳ ಬೆನ್ನಿಗೆ. ಕೊಂಬೆಯ ಬೆನ್ನಿಗೆ ಹಚ್ಚುವುದನ್ನೇ ಎಲ್ಲರೂ ಮರೆಯುತ್ತಾರೆ. ರಸ್ತೆ ಬದಿಯ ಮರಗಳಿಗೆ ಬಳಿಯುವ ಕೆಂಪು ಪಟ್ಟಿ ಇಲ್ಲಿ ಬೇಡ, ಕೆಂಪು ಶಾಖ ಹೀರುತ್ತದೆ. ಜನವರಿ ಕೊನೆಗೆ ಒಂದು ಸಲ ಹಚ್ಚಿ, ಏಪ್ರಿಲ್ ಮಧ್ಯದ ಅಶ್ವಿನಿ ಮಳೆಗೆ ತೊಳೆದುಹೋದರೆ ಮತ್ತೊಂದು ಸಲ. ದಪ್ಪ ಕೊಂಬೆಯ ಮೇಲೆ ನೇರವಾಗಿ ಏಳುವ ನೀರುಚಿಗುರುಗಳನ್ನು ಬೇಸಿಗೆಯಲ್ಲಿ ಚಿವುಟಬೇಡಿ, ತೊಗಟೆಗೆ ಅವೇ ಕೊಡೆ.

ಹಣ್ಣೂ ಸುಡುತ್ತದೆ. ದಾಳಿಂಬೆ, ನಿಂಬೆಗಳ ಪಶ್ಚಿಮದ ಕೆನ್ನೆ ಮೊದಲು ಹಳದಿಯಾಗಿ, ಆಮೇಲೆ ಚರ್ಮದಂತೆ ಗಟ್ಟಿಯಾಗುತ್ತದೆ. ಕೆಯೊಲಿನ್ ಎಂಬ ಬಿಳಿ ಜೇಡಿಮಣ್ಣಿನ ಪುಡಿಯನ್ನು ಲೀಟರಿಗೆ 50 ಗ್ರಾಂನಂತೆ ಕದಡಿ, ನಾಲ್ಕು ಹನಿ ಸೋಪಿನ ನೀರು ಸೇರಿಸಿ ತಂಪು ಹೊತ್ತಿನಲ್ಲಿ ಸಿಂಪಡಿಸಿದರೆ ಬಿಳಿ ಪೊರೆ ನಿಂತು ಬಿಸಿಲನ್ನು ತಿರುಗಿಸುತ್ತದೆ. ಬಾಳೆಗೊನೆಗೆ ಅದರದೇ ಒಣ ಎಲೆ ಹೊದಿಸಿ ಕಟ್ಟಿದರೆ ಆಯಿತು. ಪರಂಗಿಯ ಹಳೆ ಎಲೆಗಳನ್ನು ಅಂದಕ್ಕೆಂದು ಕಿತ್ತುಹಾಕಿದರೆ ಕಾಯಿಗೆ ಮರೆ ಉಳಿಯುವುದಿಲ್ಲ.

ಎಳೆಯವಕ್ಕೆ

ನೆಟ್ಟು ಎರಡು ವರ್ಷ ತುಂಬದ ಗಿಡಕ್ಕೆ ನೆರಳು ಬೇಕೇಬೇಕು, ಆದರೆ ಸುತ್ತ ಮುಚ್ಚಿದ ಗೂಡು ಬೇಡ. ನಾಲ್ಕು ಬೊಂಬು ನೆಟ್ಟು ಮೇಲ್ಗಡೆ, ಪಶ್ಚಿಮ, ದಕ್ಷಿಣಕ್ಕೆ ಮಾತ್ರ ಶೇಡ್ ನೆಟ್ ಕಟ್ಟಿ ಪೂರ್ವ, ಉತ್ತರ ತೆರೆದಿಡಬೇಕು. ಅರ್ಧ ಬಿಸಿಲು ಬಿಡುವ 50 ಪರ್ಸೆಂಟಿನ ನೆಟ್ಟೇ ಸರಿ. 75ರದ್ದಾದರೆ ಗಿಡ ಬೆಳಕು ಹುಡುಕಿಕೊಂಡು ಸೊರಗಿ ಉದ್ದವಾಗುತ್ತದೆ. ಎಲೆಗೂ ನೆಟ್ಟಿಗೂ ಒಂದಡಿ ಅಂತರವಿರಲಿ, ತಾಗಿದ ಎಲೆ ತಾಗಿದಲ್ಲೇ ಸುಡುತ್ತದೆ. ಶೇಡ್ ನೆಟ್ ಇಲ್ಲದವರು ಪಶ್ಚಿಮಕ್ಕೆ ಎರಡು ತೆಂಗಿನ ಗರಿ ಓರೆಯಾಗಿ ನೆಟ್ಟರೂ ಕೆಲಸ ಆಗುತ್ತದೆ. ವಿಜಯನಗರದ ಆ ಗಿಡದಂತೆ ಬಿಸಿಗೋಡೆಯ ಪಕ್ಕದಲ್ಲಿರುವವಕ್ಕೆ ಗೋಡೆಗೇ ಮರೆ ಮಾಡಬೇಕು. ಗೋಡೆಯಿಂದ ಅರ್ಧ ಅಡಿ ಬಿಟ್ಟು ತಂತಿ ಎಳೆದು ತೊಂಡೆ ಬಳ್ಳಿ ಹಬ್ಬಿಸಿದರೆ ಗೋಡೆ ಕಾಯುವುದಿಲ್ಲ, ಸಾರಿಗೂ ಆಗುತ್ತದೆ.

ನೀರಿಗೆ ಮಡಕೆ. ಬಣ್ಣ, ಪಾಲಿಶ್ ಇಲ್ಲದ ಹೊಸ ಮಣ್ಣಿನ ಮಡಕೆ, ಐದಾರು ಲೀಟರಿನದು, ಗಿಡದಿಂದ ಒಂದಡಿ ದೂರದಲ್ಲಿ ಎರಡು ಬದಿಗೆ ಒಂದೊಂದು, ಕಂಠ ಮಾತ್ರ ಮೇಲಿರುವಂತೆ ಹೂಳುವುದು. ತೂತು ಬೇಕಿಲ್ಲ, ಮಡಕೆಯ ಮೈಯಿಂದಲೇ ನೀರು ಜಿನುಗುತ್ತದೆ. ಬಾಯಿಗೆ ಮುಚ್ಚಳ ತಪ್ಪಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ತುಂಬಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ವರ್ಷದಲ್ಲಿ ರಂಧ್ರ ಕಟ್ಟಿ ಜಿನುಗುವುದು ನಿಲ್ಲುತ್ತದೆ, ಆಗ ಮಡಕೆ ಬದಲಿಸಬೇಕು. ಕಸಿ ಗಿಡ ಮೊದಲೆರಡು ವರ್ಷ ಬಿಡುವ ಹೂವನ್ನು ಎಷ್ಟೇ ಆಸೆಯಾದರೂ ಚಿವುಟಬೇಕು, ಕಾಯಿ ಹೊತ್ತ ಎಳೆ ಗಿಡವೇ ಬೇಸಿಗೆಯಲ್ಲಿ ಮೊದಲು ಸೋಲುವುದು. ಈ ತಿಂಗಳುಗಳಲ್ಲಿ ಯಾವ ಗಿಡಕ್ಕೂ ಯೂರಿಯಾ ಬೇಡ.

ಎಲ್ಲಿಯ ನೀರು

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು. ಕನ್ನಂಬಾಡಿ ಅಣೆಕಟ್ಟು ತನ್ನ ಪೂರ್ಣ ಮಟ್ಟವಾದ 124.80 ಅಡಿಯನ್ನು ಮುಟ್ಟಲೇ ಇಲ್ಲ. ಮುಂದಿನ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುತ್ತಿದ್ದಾಗ ಮರಕ್ಕೆ 175 ಲೀಟರ್ ಎಂದರೆ ಯಾರ ಮನಸ್ಸೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅಂಥ ವರ್ಷ ಇರುವ ನೀರನ್ನು ಎಲ್ಲ ಮರಕ್ಕೂ ತೆಳ್ಳಗೆ ಹಂಚುವುದೇ ದೊಡ್ಡ ತಪ್ಪು. ಎಳೆ ಗಿಡ, ಬೆಣ್ಣೆಹಣ್ಣು, ಕಾಯಿ ಹೊತ್ತ ನಿಂಬೆ ಮೊದಲು. ದೊಡ್ಡ ಮರಕ್ಕೆ ಪಾತಿಯ ಅರ್ಧಕ್ಕೆ ಮಾತ್ರ ಆಳವಾಗಿ ಕೊಟ್ಟು, ಮುಂದಿನ ಸಲ ಇನ್ನರ್ಧಕ್ಕೆ. ಕಾಯಿಯಲ್ಲಿ ಮೂರರಲ್ಲಿ ಎರಡು ಪಾಲು ಕಿತ್ತುಹಾಕಬೇಕು. ಆ ವರ್ಷ ಬೇಕಿರುವುದು ಹಣ್ಣಲ್ಲ, ಮರ.

ಅಕ್ಕಿ, ತರಕಾರಿ ತೊಳೆದ ನೀರು ಯಾವ ಮರಕ್ಕೂ ಆದೀತು. ಬಚ್ಚಲ ನೀರು ಹಿಂದಿನಿಂದಲೂ ಬಾಳೆಗೆ, ತೆಂಗಿಗೆ, ಅವು ತಾಳುತ್ತವೆ. ವಾಷಿಂಗ್ ಮಷೀನಿನ ಸೋಪಿನ ನೀರಿನ ಸೋಡಿಯಂ ಕೆಮ್ಮಣ್ಣನ್ನು ಸಿಮೆಂಟಿನಂತೆ ಬಿಗಿದುಬಿಡುತ್ತದೆ, ಕೊನೆಯ ಜಾಲಿಸಿದ ನೀರನ್ನಷ್ಟೇ ತೆಂಗಿಗೆ ಬಿಡಬಹುದು. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಉಪ್ಪಿನಂಶ ಮೂಲ ನೀರಿಗಿಂತ ಹೆಚ್ಚು. ಬೋರ್‌ವೆಲ್ ಇರುವ ಮನೆಗಳಲ್ಲಿ ಅದನ್ನು ನಿಂಬೆ, ಮಾವು, ಬೆಣ್ಣೆಹಣ್ಣಿಗೆ ಹಾಕಿದರೆ ಎಲೆಯ ಅಂಚು ತುದಿಯಿಂದ ಸುಡುತ್ತ ಬರುತ್ತದೆ. ಬಿಸಿಲಿಗೆ ಸುಟ್ಟ ಎಲೆಯಲ್ಲಿ ಕಲೆ ನಡುವೆ, ಬಿಸಿಲಿಗೆ ಮುಖ ಮಾಡಿದ ಎಲೆಗಳಲ್ಲಿ ಮಾತ್ರ ಇರುತ್ತದೆ. ಅಂಚಿನಿಂದ ಒಳಕ್ಕೆ ಸುಟ್ಟಿದ್ದರೆ ಉಪ್ಪಿನ ಅನುಮಾನ ಬರಬೇಕು. ಗಡಸು ನೀರನ್ನು ಮೆದುಗೊಳಿಸುವ ಸಾಫ್ಟನರ್ ತೊಳೆಯುವಾಗ ಹೊರಬರುವ ಉಪ್ಪುನೀರಂತೂ ಮರದ ಹತ್ತಿರವೂ ಸುಳಿಯಕೂಡದು.

ಒಳ್ಳೆಯ ನೀರು ಮೇಲಿನಿಂದಲೇ ಬರುತ್ತದೆ. ಸಾವಿರ ಚದರಡಿ ತಾರಸಿಯ ಮೇಲೆ 20 ಮಿಲಿಮೀಟರಿನ ಒಂದು ಅಶ್ವಿನಿ ಮಳೆ ಬಿದ್ದರೆ ಪೋಲಾದದ್ದು ಕಳೆದರೂ 1500 ಲೀಟರ್, ಹತ್ತಡಿಯ ಎಂಟು ಮರಗಳಿಗೆ ವಾರದ ನೀರು. ತಾರಸಿಯ ಪೈಪನ್ನು ಚರಂಡಿಗೆ ಬಿಡುವ ಬದಲು ಪಾತಿಯ ಹೊರ ಅಂಚಿನಲ್ಲಿ ಎರಡಡಿ ಆಳ, ಒಂದಡಿ ಅಗಲದ ಕಾಲುವೆ ತೋಡಿ ತೆಂಗಿನ ಸಿಪ್ಪೆ ತುಂಬಿ ಅದಕ್ಕೆ ತಿರುಗಿಸಿದರೆ ಸಾಕು. ತೋಡುವುದು ಮಳೆಗಾಲದಲ್ಲಿ, ಕತ್ತರಿಸಿದ ಬೇರು ಮತ್ತೆ ಚಿಗುರಲು ಆಗ ಸಮಯ ಇರುತ್ತದೆ.

ಒಣಗಿದಂತೆ ಕಂಡದ್ದು

ಮಾರ್ಚ್‌ನಲ್ಲಿ ಸೀತಾಫಲದ ಗಿಡ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ, ಅಮಟೆಯೂ ಹಾಗೇ. ಅದು ಅವುಗಳ ಸ್ವಭಾವ, ನೀರು ಹೊಯ್ದು ಎಬ್ಬಿಸುವ ಅಗತ್ಯವಿಲ್ಲ. ಉಳಿದ ಮರಗಳ ಕೊಂಬೆ ಒಣಗಿದಂತೆ ಕಂಡರೂ ಕೂಡಲೇ ಕಡಿಯಬಾರದು. ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ಮೇ ಮಧ್ಯದಿಂದ ಬರುವ ಕೃತ್ತಿಕೆ, ರೋಹಿಣಿ ಮಳೆ ಬಿದ್ದು ಚಿಗುರು ಎಲ್ಲಿಯವರೆಗೆ ಬಂತೆಂದು ನೋಡಿಕೊಂಡು, ಅದಕ್ಕಿಂತ ಮೇಲಿನದನ್ನು ಗರಗಸದಿಂದ ತೆಗೆಯಬೇಕು. ಗಾಯಕ್ಕೆ ಬೋರ್ಡೋ ಮುಲಾಮು: 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತಣ್ಣಗಾದ ಮೇಲೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸೇರಿಸುವುದು. ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಮಾಡಿದ ದಿನವೇ ಹಚ್ಚಿ ಮುಗಿಸಬೇಕು. ಸೀಳಿದ ತೊಗಟೆಯೊಳಗೆ ಹುಳುವಿನ ತೂತಿದ್ದರೆ ಮುಲಾಮಿಗೆ ಮುಂಚೆ ಸೈಕಲ್ಲಿನ ಕಡ್ಡಿ ತೂರಿಸಿ ಹುಳುವನ್ನು ಎಳೆದು ತೆಗೆದು, ತೂತಿಗೆ ಜೇಡಿಮಣ್ಣು ಮೆತ್ತುವುದು.

ಎಳೆ ಗಿಡದ ಶೇಡ್ ನೆಟ್ ತೆಗೆಯುವುದಕ್ಕೆ ಜೂನ್‌ನ ಮೃಗಶಿರ ಮಳೆ ಕಾಯಿರಿ, ಅದೂ ಎರಡು-ಮೂರು ದಿನ ಮೋಡ ಕವಿದಿರುವಾಗ. ಮೊದಲು ದಕ್ಷಿಣದ್ದು, ನಾಲ್ಕು ದಿನ ಬಿಟ್ಟು ಮೇಲಿನದು, ಕೊನೆಗೆ ಪಶ್ಚಿಮದ್ದು.